ಆರ್ಡಿತ್ ಕೊಟ್ಟ ಆಲಿಕಲ್ಲಿನ ವರದಿ

ನನ್ನ ಹೆಂಡತಿ ಆರ್ಡಿತ್ ಹವಾಮಾನ ಇಲಾಖೆಗೆ ಬಿರುಗಾಳಿ, ಆಲಿಕಲ್ಲಿನ ವರದಿ ಕೊಡುವ ಸಂಬಳವಿಲ್ಲದ ಸ್ವಯಂಸೇವಕಿಯಾದಂದಿನಿಂದ ನಾನು ಮೋಡ ಕವಿದರೆ ಮೊದಲು ಅವಳ ಮುಖ ನೋಡುತ್ತೇನೆ. ಅದು ಅರಳಿದ್ದರೆ ನನಗೆ ಗಂಡಾಂತರ. ನಮ್ಮ ನೆಬ್ರಾಸ್ಕಾದಲ್ಲಿ ಅದು ವರ್ಷಕ್ಕೆ ನಾಲ್ಕು ತಿಂಗಳು ಅರಳಿಯೇ ಇರುತ್ತದೆ.

ಇವತ್ತು ಮಧ್ಯಾಹ್ನ ಆಕಾಶ ಹಸಿರಾಯಿತು; ನಮ್ಮ ಕಡೆ ಅದು ಆಲಿಕಲ್ಲಿನ ಮುನ್ಸೂಚನೆ. ಮೆಕ್ಕೆಜೋಳದ ಹೊಲದಲ್ಲಿ ಒಂದೆಲೆ ಅಲುಗಲಿಲ್ಲ. ಹಕ್ಕಿಗಳು ಬಾಯಿ ಮುಚ್ಚಿದವು. ನಾನು ವೀರೋಚಿತವಾಗಿ ನೆಲಮಾಳಿಗೆಗೆ ಇಳಿದೆ (ಮೊದಲು ಯಾರಾದರೂ ಹೋಗಿ ಜೇಡಗಳನ್ನು ಓಡಿಸಬೇಕಲ್ಲ!).

"ಆರ್ಡಿತ್, ಕೆಳಗೆ ಬಾರೇ!"

"ಕಲ್ಲು ಎಷ್ಟು ದಪ್ಪ ಬೀಳತ್ತೆ ಅಂತ ನೋಡ್ಬೇಡ್ವಾ?"

"ಅದಕ್ಕೆ ರಾಡಾರ್ ಇಟ್ಟಿದಾರಲ್ಲೇ!"

"ರಾಡಾರ್‌ಗೆ ಮೋಡದ ಹೊಟ್ಟೆ ಕಾಣತ್ತೆ ವರ್ನ್, ನಮ್ಮ ಅಂಗಳ ಕಾಣಲ್ಲ. ಇದು ಪಕ್ಕದೂರು ಲಿಂಡೆನ್ ಕಡೆ ಹೊರಟಿದೆ. ಅಲ್ಲಿ ಇವತ್ತು ಶಾಲೆ ಮಕ್ಕಳ ಬೇಸ್‌ಬಾಲ್ ಪಂದ್ಯ!"

ಬಾಗಿಲು ದಢಾರೆಂದಿತು. ಆಮೇಲೆ ಛಾವಣಿಯ ಮೇಲೆ ಸುತ್ತಿಗೆ ಏಟುಗಳು. ಒಂದು, ಹತ್ತು, ಲೆಕ್ಕವಿಲ್ಲದಷ್ಟು. ಕಿಟಕಿಯ ಗಾಜು ಒಡೆಯಿತು. ಅವಳ ಹೆಸರು ಹಿಡಿದು ಕೂಗಿದೆ. ಉತ್ತರವಿಲ್ಲ. ಮೂವತ್ತೊಂದು ವರ್ಷ ಬೈಸಿಕೊಂಡ ನನ್ನ ಕಿವಿಗಳಿಗೆ ಆ ಮೌನದಷ್ಟು ಭಯಂಕರವಾದದ್ದು ಬೇರೇನಿಲ್ಲ. ಟೋಪಿಯನ್ನೂ ಮರೆತು ಮೇಲಕ್ಕೋಡಿದೆ.

ಅಂಗಳದ ನಡುವೆ, ಟರ್ಕಿ ಕೋಳಿ ಬೇಯಿಸುವ ದೊಡ್ಡ ಪಾತ್ರೆಯನ್ನು ತಲೆಗೆ ಬೋರಲು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಪಾತ್ರೆಯ ಡಣಡಣದಲ್ಲಿ ನನ್ನ ಕೂಗು ಕೇಳಿರಲಿಲ್ಲ. ತೋಳು ಹಿಡಿದೆಳೆದೆ. ಅಷ್ಟರಲ್ಲಿ ಆಕಾಶದ ಒಂದು ತುಂಡು ನನ್ನ ನೆತ್ತಿಗೆ ಬಡಿದು ಕೆಳಗೆ ಬಿತ್ತು.

"ಅಲ್ಲಾಡ್ಬೇಡ!" ಎಂದು ಚೀರಿದಳು. ಎಂಥ ಕಾಳಜಿ! ನನ್ನ ಕಣ್ಣು ತುಂಬಿ ಬಂತು.

"ಕಾಲ ಹತ್ರಾನೇ ಬಿದ್ದಿದೆ, ತುಳಿದ್ಬಿಟ್ಟೀಯ!"

ಕಲ್ಲನ್ನೆತ್ತಿಕೊಂಡು ಒಳಗೋಡಿ, ಹೊಲಿಗೆ ಪೆಟ್ಟಿಗೆಯ ಅಳತೆಪಟ್ಟಿ ಹಿಡಿದಳು. ಒಂದೂಮುಕ್ಕಾಲು ಅಂಗುಲ! ತಕ್ಷಣ ಫೋನು. ಇಲಾಖೆಯವನು ಲಿಂಡೆನ್‌ಗೆ ಈಗಲೇ ಎಚ್ಚರಿಕೆ ಕಳಿಸುತ್ತೇನೆಂದ. "ಯಾರಿಗಾದ್ರೂ ಪೆಟ್ಟಾಯ್ತಾ ಅಮ್ಮಾ?"

ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. "ಹೇಳ್ಕೊಳ್ಳೋವಂಥವ್ರಿಗೆ ಯಾರಿಗೂ ಇಲ್ಲ."

ಅರ್ಧ ಗಂಟೆಯ ಮೇಲೆ ಸುದ್ದಿ ಬಂತು. ಮೈದಾನದ ಪಕ್ಕ ನಿಂತಿದ್ದ ಬಸ್ಸಿನ ಗಾಜೆಲ್ಲ ಪುಡಿ. ಮಕ್ಕಳು ಅಷ್ಟರೊಳಗೆ ಶಾಲೆಯ ಕಟ್ಟಡ ಸೇರಿದ್ದರು, ಒಬ್ಬರಿಗೂ ಗೀರು ಇಲ್ಲ. ಆರ್ಡಿತ್ ಫೋನಿಟ್ಟು ಕುರ್ಚಿಯಲ್ಲಿ ಕುಸಿದಳು.

"ನಂಗೂ ಜೀವ ಬಾಯಿಗೆ ಬಂದಿತ್ತು ಕಣೋ," ಎಂದಳು.

ಅವಳ ಕೈ ಹಿಡಿದು ಕೂತೆ. ಹದವಾದ ಸಮಯ ನೋಡಿ, ಊದಿದ ನೆತ್ತಿಗೆ ಐಸ್ ಇಟ್ಟುಕೊಳ್ಳೋಣವೆಂದು ಫ್ರಿಜ್ ತೆರೆದೆ. ಪಟ್ಟೆಂದು ಕೈಗೆ ಏಟು.

"ಆ ಆಲಿಕಲ್ಲು ಮುಟ್ಟಬೇಡ, ಇಲಾಖೆಗೆ ತೋರಿಸ್ಬೇಕು!"

ಈಗ ತಲೆಯ ಮೇಲೆ ಹೆಪ್ಪುಗಟ್ಟಿದ ಹಸಿರು ಬಟಾಣಿಯ ಪೊಟ್ಟಣ ಇಟ್ಟುಕೊಂಡು ಕೂತಿದ್ದೇನೆ.