ಮೂತಿ ಭಾರದ ವಿಮಾನ

"ಈ ವಿಮಾನ ಮುಗಿಯುವ ತನಕ ಯಾರೂ ಇದಕ್ಕೆ ಕೈ ಹಾಕುವ ಹಾಗಿಲ್ಲ! ನಾನೊಬ್ಬನೇ ಕಟ್ಟುತ್ತೇನೆ, ನಾನೊಬ್ಬನೇ ನಿಲ್ಲಿಸುತ್ತೇನೆ!"

ಬಿ.ಸಿ.ರೋಡಿನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಅಬ್ದುಲ್ ಹಕೀಂ ಹೀಗೆ ಗುಡುಗಿದಾಗ, ಹೆಂಡತಿ ಸಜ್ನಾ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಅಡುಗೆ ಸಹ ನೀವೊಬ್ಬರೇ ಮಾಡ್ತೀರಾ, ಅಲ್ಲ ಅದಕ್ಕೆ ನಾನು ಕೈ ಹಾಕಬಹುದಾ?"

ಹಕೀಮನ ಕಣ್ಣೆಲ್ಲ ಎದುರಿನ ಮೇಜಿನಲ್ಲಿದ್ದ ಪೆಟ್ಟಿಗೆಯ ಮೇಲಿತ್ತು. ಮೀಸೆ ಚಿಗುರುವ ವಯಸ್ಸಿನಲ್ಲಿ ಶಾರ್ಜಾಕ್ಕೆ ದುಡಿಯಲು ಹೋಗಿ ಕೆಲವು ವರ್ಷ ಇದ್ದಾಗ, ಎದುರಂಗಡಿಯ ಗಾಜಿನ ಕಪಾಟಿನಲ್ಲಿ ಇಂಥದೇ ಪೆಟ್ಟಿಗೆ ಇತ್ತು. ಬಾಲದಲ್ಲಿ ಮೂರು ಎಂಜಿನ್ ಹೊತ್ತ ಹಳೇ ಪ್ರಯಾಣಿಕ ವಿಮಾನ; ಬಿಡಿ ಬಿಡಿ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಕಟ್ಟುವಂಥದ್ದು. ಆಗ ಗಾಜಿನ ಹೊರಗೆ ನಿಂತು ನೋಡಿದ್ದಷ್ಟೇ ಬಂತು. ಈಗ ಆನ್‌ಲೈನಿನಲ್ಲಿ, ಇಷ್ಟು ವರ್ಷ ಯಾರೂ ಬಿಚ್ಚದ ಪೆಟ್ಟಿಗೆಯೊಂದು ಸಿಕ್ಕಿತ್ತು!

ಬಿಚ್ಚಿದರೆ ಪ್ಲಾಸ್ಟಿಕ್ ಹಳದಿ ತಿರುಗಿತ್ತು. ರೆಕ್ಕೆ ಸುಟ್ಟ ಹಪ್ಪಳದಂತೆ ಸೊಟ್ಟಗಾಗಿತ್ತು. ಹಕೀಂ ಸೋಲುವ ಪೈಕಿಯೇ? ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿದ. ಉಳಿದ ತುಂಡುಗಳನ್ನು ಅಂಟಿಸಿದ. ಮೂತಿಯೊಂದನ್ನು ಬಿಟ್ಟು ಎಲ್ಲವೂ ಸೇರಿತು. ವಿಮಾನವನ್ನು ಚಕ್ರದ ಮೇಲೆ ನಿಲ್ಲಿಸಿದ.

ಅದು ಸಾವಕಾಶ ಹಿಂದಕ್ಕೆ ವಾಲಿ, ಬಾಲ ಊರಿ ಕುಳಿತುಬಿಟ್ಟಿತು! ಮುಂದಿನ ಚಕ್ರ ಗಾಳಿಯಲ್ಲಿ!

"ನಿಮ್ಮ ವಿಮಾನ ಯಾಕೆ ಊಟಕ್ಕೆ ಕೂತ ಹಾಗೆ ಕೂತಿದೆ?" ಎಂದಳು ಸಜ್ನಾ.

"ಹಿಂದೆ ಭಾರ ಜಾಸ್ತಿ. ಮೂತಿಯೊಳಗೆ ಏನಾದರೂ ತೂಕದ್ದು ಹಾಕಬೇಕು, ಅಷ್ಟೇ!"

ತೂಕದ್ದು ಹುಡುಕುತ್ತ ಅವನು ಸಜ್ನಾ ಮನೆಯಲ್ಲಿಲ್ಲದ ಹೊತ್ತು ಹೊಲಿಗೆ ಮೆಷಿನಿನ ಡ್ರಾಯರಿಗೆ ಕೈ ಹಾಕಿದ. ನೂಲುಂಡೆಗಳ ಅಡಿಯಲ್ಲಿ ಕಪ್ಪು ಬಟ್ಟೆಯ ಪುಟ್ಟ ಗಂಟೊಂದಿತ್ತು. ಒತ್ತಿದರೆ ಗಟ್ಟಿ, ಹಿಡಿದರೆ ಭಾರ. ಸಜ್ನಾಳ ತಮ್ಮ ಉನೈಸ್ ನೇತ್ರಾವತಿ ಹೊಳೆಗೆ ಬಲೆ ಬೀಸಲು ಬಂದವನು ಬಿಟ್ಟುಹೋದ, ಬಲೆಯಂಚಿಗೆ ಕಟ್ಟುವ ಸೀಸದ ಗುಂಡುಗಳೇ ಇರಬೇಕು! ಗಂಟು ಬಿಚ್ಚುವ ತೊಂದರೆಯನ್ನೂ ತೆಗೆದುಕೊಳ್ಳದೆ ಅದನ್ನು ಮೂತಿಯೊಳಗೆ ತುರುಕಿ, ಮೇಲಿಂದ ಅಂಟು ಸುರಿದು, ಮೂತಿಯನ್ನು ವಿಮಾನಕ್ಕೆ ಅಂಟಿಸಿದ. ವಿಮಾನ ಮೂರೂ ಚಕ್ರದ ಮೇಲೆ ರಾಜನಂತೆ ನಿಂತಿತು. ಆಮೇಲೆ ವಾರವಿಡೀ ಉಸಿರು ಬಿಗಿಹಿಡಿದು ಅದಕ್ಕೆ ಬಿಳಿ ಬಣ್ಣ ಬಳಿದ, ಉದ್ದಕ್ಕೆ ನೀಲಿ ಪಟ್ಟಿ ಎಳೆದ, ಒಂದೊಂದೇ ಕಿಟಕಿ ಬರೆದ.

ಬಣ್ಣ ಒಣಗಿದ ಬೆಳಿಗ್ಗೆಯೇ ಒಳಗಿನಿಂದ ಸಜ್ನಾ ಕೂಗಿದಳು: "ಅಲಿಕತ್ತು ಕಾಣುದಿಲ್ಲ!"

ಮನೆ ನಡುಗಿತು. ಅಲಿಕತ್ತು ಎಂದರೆ ಹಕೀಮನ ತಾಯಿ ಖತೀಜಮ್ಮ ಮದುವೆಯಂದಿನಿಂದ ಕಿವಿಯಂಚಿಗೆ ಸಾಲಾಗಿ ಹಾಕಿಕೊಂಡಿದ್ದ ಚಿನ್ನ. ಹಕೀಮನ ಮಗಳು, ತಮ್ಮ ಮೊಮ್ಮಗಳು ಶಮ್ನಾಳ ನಿಕಾಹ್‌ಗೆ ಸರ ಮಾಡಿಸಲೆಂದು ತಾವಾಗಿಯೇ ಬಿಚ್ಚಿಕೊಟ್ಟಿದ್ದರು. ಅಂದೇ ಅದನ್ನು ಅಕ್ಕಸಾಲಿಗರಿಗೆ ಕೊಡಬೇಕಿತ್ತು.

ಹಕೀಂ ಕೂಡಲೇ ತನಿಖಾಧಿಕಾರಿಯಾದ. ಅಕ್ಕಿ ಡಬ್ಬಿ ಕವುಚಿದ. ಸೋಫಾದ ಹೊಟ್ಟೆಗೆ ಕೈ ಹಾಕಿದ. ವಾಷಿಂಗ್ ಮೆಷಿನನ್ನು ಅಂಗಾತ ಮಲಗಿಸಿದ. ಅದರ ಪೈಪು ಕಳಚಿ ಅಡುಗೆಮನೆಯೆಲ್ಲ ನೊರೆ! ಶಮ್ನಾ ಮೂಲೆಯಲ್ಲಿ ಕುಳಿತು, "ನನಗೆ ಸರವೇ ಬೇಡ, ಉಮ್ಮನನ್ನು ಬೈಬೇಡಿ" ಎಂದು ತಾಯಿಯ ಪರ ವಹಿಸಿ ಕಣ್ಣೊರೆಸಿಕೊಂಡಳು.

"ಬೈದದ್ದಲ್ಲ! ಆದರೆ ಬೆಲೆಬಾಳುವ ವಸ್ತುವಿನ ಬಗ್ಗೆ ಒಂದು ಜಾಗ್ರತೆ ಬೇಡವಾ ಸಜ್ನಾ? ಒಂದು ಶಿಸ್ತು?" ನೊರೆಯ ಮಧ್ಯೆ ನಿಂತು ಹಕೀಂ ಪ್ರವಚನ ಕೊಟ್ಟ. "ಸರಿ, ಎಲ್ಲಿ ಇಟ್ಟದ್ದು ಹೇಳು."

"ಕಳ್ಳರಿಗೆ ಗೊತ್ತಾಗಬಾರದು ಅಂತ ಹೊಲಿಗೆ ಮೆಷಿನಿನ ಡ್ರಾಯರಿನಲ್ಲಿ," ಎಂದಳು ಸಜ್ನಾ ಅಳುದನಿಯಲ್ಲಿ. "ಕಪ್ಪು ಬಟ್ಟೆಯಲ್ಲಿ ಗಂಟು ಕಟ್ಟಿ..."

ಹಕೀಂ ತಿರುಗಿ ಮೇಜಿನತ್ತ ನೋಡಿದ. ಬಿಳಿ ವಿಮಾನ ಬಿಸಿಲಿಗೆ ಹೊಳೆಯುತ್ತ, ಮೂರೂ ಚಕ್ರ ಗಟ್ಟಿಯಾಗಿ ಊರಿ ನಿಂತಿತ್ತು. ಸುಮ್ಮನಿದ್ದುಬಿಡಲೇ ಎಂದು ಒಂದು ಕ್ಷಣ ಅನಿಸಿತು. ಅಷ್ಟರಲ್ಲಿ ಶಮ್ನಾಳ ಒದ್ದೆ ಕಣ್ಣು ಕಂಡಿತು.

"ಸಜ್ನಾ," ಎಂದ ಸಣ್ಣ ದನಿಯಲ್ಲಿ, "ಗರಗಸದ ಬ್ಲೇಡು ಎಲ್ಲಿ ಉಂಟು?"

ವಿಷಯ ತಿಳಿದಾಗ ಸಜ್ನಾ ಮೊದಲು ಅವನನ್ನು ನೋಡಿದಳು, ಆಮೇಲೆ ವಿಮಾನವನ್ನು. ಬೈಯಲು ಇಷ್ಟು ಒಳ್ಳೆಯ ಅವಕಾಶ ಅವಳಿಗೆ ಮತ್ತೆ ಸಿಗಲಾರದು. ಆದರೆ ಅವನು ಬ್ಲೇಡನ್ನು ಮೂತಿಗೆ ಇಡುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದ. ಅವಳು ಬಂದು ಎದುರು ಕುಳಿತು, ವಿಮಾನದ ಬಾಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೆಲ್ಲ ಕೊಯ್ಯಿರಿ ಮಾರಾಯ್ರೆ. ನೀಲಿ ಪಟ್ಟಿಗೆ ತಾಗುದು ಬೇಡ. ಎಷ್ಟು ಚಂದ ಎಳೆದಿದ್ದೀರಿ."

ಹಕೀಂ ಕಣ್ಣು ಮುಚ್ಚಿ ಕೊಯ್ದ. ಮೂತಿ ಟಕ್ಕೆಂದು ಕಳಚಿತು. ಅಂಟಿನಲ್ಲಿ ಕಲ್ಲಾಗಿದ್ದ ಗಂಟನ್ನು ಬಿಡಿಸಿ ಮೇಜಿನ ಮೇಲೆ ಸುರಿದಾಗ, ಕೋಲೂರಿಕೊಂಡು ಬಂದ ಖತೀಜಮ್ಮ ಚಿನ್ನವನ್ನು ನೋಡಿದರು, ಮೂತಿ ಹೋದ ವಿಮಾನವನ್ನು ನೋಡಿದರು, ಕೊನೆಗೆ ಮಗನನ್ನು ನೋಡಿದರು.

"ಅಷ್ಟು ವರ್ಷ ಶಾರ್ಜಾದಿಂದ ವಿಮಾನದಲ್ಲಿ ಬಂದು ಹೋಗಿ ಮಾಡಿದಿ, ಹಕೀಮಾ. ಉಮ್ಮನಿಗೆ ಅಂತ ಒಂದು ಗುಲಗಂಜಿಯಷ್ಟು ಚಿನ್ನ ತರಲಿಲ್ಲ. ಇವತ್ತು ಸುರುವಿಗೆ ವಿಮಾನದಲ್ಲಿ ತಂದದ್ದು... ಅದೂ ನನ್ನದೇ!"