ಸುಮಿತ್ರವ್ವನ ಕಿವಿ, ನಿಶಾತಳ ಹಾರ್ನು

ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಮಿತ್ರವ್ವನಿಗೆ ರೂಢಿಯಿತ್ತು. ಮೊಸರಿನ ಕಪ್ಪಿನ ಮೇಲೆ ಪಟ್ಟದ್ದು ಮಾತ್ರ ಇದೇ ಮೊದಲು.

ಬೆಟಗೇರಿಯ ಅವಳ ಓಣಿಗೆ ನಳದ ನೀರು ಎಂಟು-ಹತ್ತು ದಿನಕ್ಕೊಮ್ಮೆ, ಅದಕ್ಕೆ ಮನಸ್ಸಾದ ಹೊತ್ತಿಗೆ ಬರುತ್ತಿತ್ತು. ಬರುವ ಮುಂಚೆ, ಓಣಿಗೆಲ್ಲ ಇದ್ದ ಆ ಒಂದೇ ನಳ ಒಳಗೊಳಗೇ ಕೆಮ್ಮುತ್ತಿತ್ತು. ಹನ್ನೆರಡು ವರ್ಷದಿಂದ ಆ ಕೆಮ್ಮನ್ನು ಮೊದಲು ಕೇಳಿಸಿಕೊಂಡು ಕೂಗುತ್ತಿದ್ದವಳು ಸುಮಿತ್ರವ್ವ (ಸೊಸೆ ಕರೆದರೆ ಮಾತ್ರ ಕೇಳಿಸದ ಕಿವಿ ಅದು). ಕೂಗಿದವರಿಗೇ ಮೊದಲ ಕೊಡ ಎಂಬುದು ಓಣಿಯ ಕಾಯ್ದೆ. ಆ ಕೊಡ ಸೊಂಟಕ್ಕಿಟ್ಟುಕೊಂಡು, ಎಡಗೈ ಬೀಸುತ್ತ ಆಕೆ ಮನೆಗೆ ನಡೆಯುವ ವೈಭವದ ಮುಂದೆ ಅಂಬಾರಿಯೂ ಸಪ್ಪೆ.

ಇದಕ್ಕೆ ಕಲ್ಲು ಹಾಕಿದವಳು ಎದುರುಮನೆಯ ಗೌಸಬಿಯ ಮೊಮ್ಮಗಳು, ಕಾಲೇಜು ಕಲಿಯುವ ನಿಶಾತ. ಅಪ್ಪನ ಟೆಂಪೊ ಹಿಂದೆ ಸರಿಯುವಾಗ ಹಾಡುತ್ತಿದ್ದ ಹಳೆಯ ಹಾರ್ನು, ಸ್ಕೂಟರಿನ ಬ್ಯಾಟರಿ, ಸತ್ತ ರೇಡಿಯೊದಿಂದ ಕಿತ್ತ ಹುರುಳಿಕಾಳಿನಷ್ಟು ದಪ್ಪದ ಏನೋ ಒಂದು. ಇಷ್ಟನ್ನು ಜೋಡಿಸಿ, ಎರಡು ವಾಯರಿನ ತುದಿಗಳನ್ನು ಖಾಲಿ ಮೊಸರಿನ ಕಪ್ಪಿಗೆ ಇಳಿಬಿಟ್ಟು, ಕಪ್ಪನ್ನು ನಳದ ಬಾಯಿಗೆ ಕಟ್ಟಿದಳು. ಕಪ್ಪಿಗೆ ನೀರು ಬಿದ್ದರೆ ಅವಳ ಮನೆಯ ಕಿಟಕಿಯಲ್ಲಿಟ್ಟ ಹಾರ್ನು ಹಾಡಬೇಕು. ಮೊದಲ ಸಲ ಹಾಡಿದಾಗ ಜನ ಟೆಂಪೊ ಬಂತೆಂದು ಗೋಡೆಗೆ ಸರಿದು ನಿಂತರು. ಆಮೇಲೆ ಕೊಡ ಹಿಡಿದು ಓಡಿದರು. ಆ ಹೊತ್ತಿಗೆ ಸುಮಿತ್ರವ್ವ ಬಚ್ಚಲಲ್ಲಿ ತಲೆಗೆ ಎರೆದುಕೊಳ್ಳುತ್ತಿದ್ದಳು. ಮೊದಲ ಕೊಡ ನಿಶಾತಳದಾಯಿತು.

ಎರಡು ದಿನ ಸುಮಿತ್ರವ್ವನಿಗೆ ರೊಟ್ಟಿ ಇಳಿಯಲಿಲ್ಲ. ಆ ಕಪ್ಪನ್ನು ಕಂಡರೆ ಸವತಿಯನ್ನು ಕಂಡಂತಾಗುತ್ತಿತ್ತು. ಮೂರನೆಯ ದಿನ ಕೂತು ಯೋಚಿಸಿದಳು: ಕಪ್ಪಿಗಾದರೆ ನೀರೇ ಬೀಳಬೇಕು, ತನಗೆ ಬರೀ ಕೆಮ್ಮು ಸಾಕು. ಆ ನಡುವಿನ ಗಳಿಗೆಯಲ್ಲಿ ಕೂಗಿದರಾಯಿತು. ಎಂಟನೆಯ ದಿನದಿಂದ ಕೊಡ, ಎಲೆ-ಅಡಿಕೆಯ ಚೀಲ ಸಮೇತ ನಳದ ಬುಡದಲ್ಲೇ ಠಿಕಾಣಿ ಹೂಡಿದಳು.

ಗೌಸಬಿ ಚಾ ತಂದುಕೊಟ್ಟಳು. "ಯಕ್ಕಾ, ಬಿಸಲಾಗ ಯಾಕ ಕುಂತಿ? ಹಾರ್ನ್ ಐತಲ್ಲ, ಒದರ್ತೈತಿ."

"ಅದಕ್ಕ ಕಿವಿ ಐತೇನ?"

"ಕಿವಿ ಇಲ್ಲ. ಬಾಯಿ ಐತಿ, ಅದನ್ನೂ ಕೆಲಸ ಇದ್ದಾಗಷ್ಟ ತೆರೀತೈತಿ."

ಹತ್ತನೆಯ ದಿನ ಮಧ್ಯಾಹ್ನ ಸುಮಿತ್ರವ್ವ ಬಾಯಿ ತುಂಬ ಎಲೆಯ ಕೆಂಪು ರಸ ಇಟ್ಟುಕೊಂಡು, ನಳಕ್ಕೆ ಕಿವಿ ಹಚ್ಚಿ ಬಗ್ಗಿದ್ದಾಗ ನಳ ಕೆಮ್ಮಿತು. ಉಗುಳುವುದನ್ನು ಮರೆತು, ಮುಖ ತಿರುಗಿಸಿ "ನೀರ..." ಎಂದಳು. ತೆರೆದ ಬಾಯಿಂದ ರಸವೆಲ್ಲ ನೇರ ಕಪ್ಪಿಗಿಳಿಯಿತು. "ಬಂದ್ವು" ಎಂಬುದು ಹೊರಡುವ ಮೊದಲೇ ಹಾರ್ನು ಹಾಡಿಬಿಟ್ಟಿತು.

ಓಣಿಯೆಲ್ಲ ಓಡಿಬಂತು. ನಳದಲ್ಲಿ ಬರೀ ಗಾಳಿ. ನೇಕಾರ ಮೌನೇಶ ಇದು ಸುಳ್ಳು ಹಾಡು ಎಂದು ನಗುವಷ್ಟರಲ್ಲಿ ನೀರು ಭರ್ರನೆ ನುಗ್ಗಿ, ಯಾರೂ ಬಗ್ಗಿ ನೋಡುವ ಮೊದಲೇ ಕಪ್ಪಿನ ಕೆಂಪನ್ನು ತೊಳೆದುಕೊಂಡು ಹೋಯಿತು. ಮೌನೇಶ ಕೊಡ ಕೆಳಗಿಟ್ಟು ಹಾರ್ನಿಗೆ ಕೈಮುಗಿದ.

"ನೀರ ಬರೂಕಿಂತ ಮೊದಲ ಹೇಳ್ತಲ್ಲಪಾ. ಇಷ್ಟ ಜಲ್ದಿ ನಮ್ಮ ಸುಮಿತ್ರವ್ವಗೂ ತಿಳೀತಿದ್ದಿಲ್ಲ."

ಓಣಿ ಕುಡಿಯುವ ನೀರಿನ ನಳಕ್ಕೆ ಉಗುಳಿದೆನೆಂದು ಯಾವ ಬಾಯಿಂದ ಹೇಳುವುದು? ಸುಮಿತ್ರವ್ವ ಉಳಿದ ರಸ ನುಂಗಿ, ಹೌದೆಂದು ತಲೆಯಾಡಿಸಿದಳು. ಮೊದಲ ಕೊಡ ಮತ್ತೆ ನಿಶಾತಳ ಸೊಂಟ ಏರಿತು.

ಗೌಸಬಿ ಹತ್ತಿರ ಬಂದು, ತನ್ನ ಸೆರಗಿನಿಂದ ಸುಮಿತ್ರವ್ವನ ಗದ್ದ ಒರೆಸಿದಳು. ಸೆರಗು ಕೆಂಪಾಯಿತು. ಅದನ್ನು ನೋಡಿದಳು, ಕಪ್ಪನ್ನು ನೋಡಿದಳು, ಆಮೇಲೆ ಅವಳಿಗಷ್ಟೇ ಕೇಳುವಂತೆ ಹೇಳಿದಳು:

"ಯಕ್ಕಾ, ಮುಂದಿನ ಸರತಿಗೆ ಎಲಿ-ಅಡಕಿ ನಮ್ಮನಿದು."