ಹಂಸವಾದ ಮಡಿ ಸೀರೆಯ ಕುರಿತು ಹುಣ್ಣಿಮೆ ಸದಸ್ಯನ ಅಹವಾಲು

ಇವರಿಗೆ,
ಮುಖ್ಯಸ್ಥರು, ‘ಆಪ್ತ ಅತಿಥಿ ಬಳಗ’,
ಅರ್ಧಚಂದ್ರ ಹೋಟೆಲ್ ಸಮೂಹ, ವಾರಾಣಸಿ

ಮಾನ್ಯರೇ,

ಕಾಶಿಯ ಮಂಜು ಕೂಡ ಒಳಗೆ ಬರುವ ಮುನ್ನ ಕಾಲೊರೆಸಿಕೊಳ್ಳಬೇಕು ಅನ್ನಿಸುವಷ್ಟು ಥಳಥಳಿಸುವ ಹೋಟೆಲನ್ನು ನಡೆಸುತ್ತಿರುವ ತಮಗೆ, ರಾಣೆಬೆನ್ನೂರಿನ ಪಂಪ್‌ಸೆಟ್ ಮಾರಾಟಗಾರನೊಬ್ಬನ ಅನಂತ ನಮಸ್ಕಾರಗಳು. ತಾವು, ತಮ್ಮ ಸಿಬ್ಬಂದಿ, ತಮ್ಮ ಲಿಫ್ಟಿನಲ್ಲಿ ಸದಾ ಕೊಳಲೂದುವ ಅದೃಶ್ಯ ಮಹನೀಯರು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮ. ನನ್ನ ಮರ್ಯಾದೆಯೊಂದನ್ನು ಬಿಟ್ಟು.

ತಮ್ಮ ಬಳಗದಲ್ಲಿ ನಾನು ನಾಲ್ಕು ವರ್ಷ ಹಳೆಯ ಸದಸ್ಯ. ಬಿದಿಗೆ, ಅಷ್ಟಮಿ, ಹುಣ್ಣಿಮೆ ಎಂದು ಚಂದ್ರನಂತೆ ಬೆಳೆಯುವ ತಮ್ಮ ಮೂರು ದರ್ಜೆಗಳಲ್ಲಿ, ನಾಗಪುರ, ಇಂದೋರ್ ಎಂದು ಅಲೆದು ತಮ್ಮ ಶಾಖೆಗಳಲ್ಲೇ ಮಲಗಿ ಎದ್ದು ಅಷ್ಟಮಿಯವರೆಗೆ ಏರಿದ್ದೆ. ಹುಣ್ಣಿಮೆಗೆ ಇನ್ನು ಸತತ ಮೂರು ರಾತ್ರಿ ಬಾಕಿ ಇತ್ತು. ಅದೇ ಹೊತ್ತಿಗೆ ಅಪ್ಪನ ಶ್ರಾದ್ಧವನ್ನು ಕಾಶಿಯಲ್ಲಿ ಮಾಡುವ ಯೋಗವೂ ಕೂಡಿ ಬಂತು. ಎರಡರಲ್ಲಿ ಯಾವುದು ಮೊದಲು ನೆನಪಾಯಿತೆಂದು ದಯವಿಟ್ಟು ಕೇಳಬೇಡಿ.

ಕಾಶಿಗೆ ಬಂದರೆ ಹನುಮಾನ್ ಘಾಟಿನ ಬದರೀನಾರಾಯಣಾಚಾರ್ಯರ ಮನೆಯಲ್ಲಿ ಇಳಿಯುವುದು ನಮ್ಮ ಮನೆತನದ ರೂಢಿ. ಶ್ರಾದ್ಧ ಮಾಡಿಸುವವರೂ ಅವರೇ, ಊಟ ಹಾಕುವವರೂ ಅವರೇ. ಈ ಸಲ ಜೊತೆಗೆ ಬಂದವರು ನನ್ನ ಸೋದರತ್ತೆ, ಎಂಬತ್ತರ ಅನಂತಲಕ್ಷ್ಮಿ. ಅಪ್ಪ ಅವರ ತಮ್ಮ; ಅಕ್ಕನ ಕೈಯ ಹೆಸರುಬೇಳೆ ಪಾಯಸಕ್ಕಾಗಿ ಆಫೀಸಿಗೆ ರಜೆ ಹಾಕಿ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದ ಮನುಷ್ಯ. ಅವನ ಎಲೆಗೆ ಕಾಶಿಯಲ್ಲೊಮ್ಮೆ ಅದೇ ಪಾಯಸವನ್ನು ಮಡಿಯಲ್ಲಿ ಮಾಡಿ ಬಡಿಸಬೇಕೆಂಬುದು ಅತ್ತೆಯ ಆಸೆ. ಮತ್ತೆ ಬರುವ ಮಾತಿಲ್ಲ, ಅವರ ಮೊಣಕಾಲು ಆಗಲೇ ನೋಟಿಸು ಕೊಟ್ಟಿದೆ. ಆಚಾರ್ಯರ ಮನೆಯಲ್ಲೇ ಇಳಿಯೋಣವೆಂದು ಅವರು ಹೇಳಿಯೇ ಹೇಳಿದರು. “ಅಲ್ಲಿ ಚಾಪೆ, ಇಲ್ಲಿ ಮೆತ್ತೆ, ಇಲ್ಲೇ ಇರೋಣ ಅತ್ತೆ” ಎಂದು ನಾನು ಪ್ರಾಸ ಹೊಸೆದೆ. ಪ್ರಾಸ ಕೂಡಿದ ಮಾತೆಲ್ಲ ಸತ್ಯವೆಂದು ನಂಬುವುದು ನನ್ನ ಹಳೆಯ ರೋಗ. ‘ನಮ್ಮ ಪಂಪು, ತೋಟಕ್ಕೆ ತಂಪು’ ಎಂದು ಮೂರು ಜಿಲ್ಲೆಯ ಗೋಡೆಗಳ ಮೇಲೆ ಬರೆಸಿದವನು ನಾನೇ.

ಇನ್ನು ಮಡಿಯ ವಿಚಾರ. ಒಗೆದು ಹರವಿದ ಸೀರೆಯನ್ನು ಉಡುವವರೆಗೆ ಯಾರೂ ಮುಟ್ಟಬಾರದು. ಯಾರೂ ಎಂದರೆ ನಾನೂ ಸೇರಿದೆ. ಗುರುವಾರ ಆಚಾರ್ಯರ ಮನೆಯಲ್ಲಿ ತಿಥಿ. ಚಳಿಗಾಲದ ಮಂಜಿನಲ್ಲಿ ಬಟ್ಟೆ ಒಣಗಲು ಎರಡು ದಿನ ಬೇಕೆಂದು ಅತ್ತೆ ಮಂಗಳವಾರವೇ ತಮ್ಮ ಅಮೃತಶಿಲೆಯ ಬಚ್ಚಲಲ್ಲಿ ತಂದಿದ್ದ ಎರಡೂ ಸೀರೆ ಒಗೆದು, ತಮ್ಮ ವಿದೇಶಿ ದೀಪಸ್ತಂಭಕ್ಕೂ ಕಿಟಕಿಗೂ ಹಗ್ಗ ಬಿಗಿದು ಹರವಿದರು. ಬಾಗಿಲಿಗೆ ತೂಗುಹಾಕಲು ‘ತೊಂದರೆ ಕೊಡಬೇಡಿ’ ಎಂಬ ರಟ್ಟನ್ನು ತಾವು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಒದಗಿಸಿದ್ದೀರಿ. ನಾನು ಅದನ್ನು ಬಳಸಲಿಲ್ಲ. ಅದರಲ್ಲಿ ಪ್ರಾಸವಿರಲಿಲ್ಲ. ಬದಲಿಗೆ ತಮ್ಮದೇ ಕೆನೆಬಣ್ಣದ ಕಾಗದದ ಮೇಲೆ, ಬಿ.ಎ.ಯಲ್ಲಿ ಬಹುಮಾನ ಗಳಿಸಿದ ದುಂಡಕ್ಷರದಲ್ಲಿ ಹೀಗೆ ಬರೆದು ಹಗ್ಗಕ್ಕೆ ಸಿಕ್ಕಿಸಿದೆ:

ಇದು ಮಡಿ,
ದೂರ ನಡಿ,
ಮುಟ್ಟಬೇಡಿ,
ದಯಮಾಡಿ.

ಕಾಶಿಯ ಹೋಟೆಲಿನಲ್ಲಿ ಇದನ್ನು ಓದುವವರು ಯಾರೆಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಹೊಳೆದದ್ದು, ನಾಲ್ಕೂ ಸಾಲು ಎಷ್ಟು ಚೆನ್ನಾಗಿ ಕೂತಿವೆ ಎಂಬುದು.

ಬುಧವಾರ ಸಂಜೆ, ಮೊದಲ ಬಾರಿಗೆ ಇಬ್ಬರೂ ಕೋಣೆ ಬಿಟ್ಟು, ಅಷ್ಟಮಿ ಸದಸ್ಯರಿಗೆ ತಾವು ಉಚಿತವಾಗಿ ಕೊಡುವ ದೋಣಿಯಲ್ಲಿ ದಶಾಶ್ವಮೇಧದ ಆರತಿ ನೋಡಿ ಬಂದೆವು. ಕೋಣೆಯ ಬಾಗಿಲು ತೆರೆದರೆ ಹಗ್ಗವಿಲ್ಲ. ಹಾಸಿಗೆಯ ಮೇಲೆ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕುಳಿತಿದ್ದವು, ಸುತ್ತ ಗುಲಾಬಿಯ ಎಸಳು. ಒಂದು ಹಂಸ ಅತ್ತೆಯ ಬಿಳಿ ಸೀರೆ, ಇನ್ನೊಂದು ಹಂಸ ಅತ್ತೆಯ ಕಂದು ಸೀರೆ. ಸದಸ್ಯತ್ವದ ಅರ್ಜಿಯಲ್ಲಿ ‘ದಿನಕ್ಕೆ ಎಷ್ಟು ಬಾರಿ ಕೋಣೆ ಓರಣ?’ ಎಂಬುದಕ್ಕೆ ‘ಮೂರು’ ಎಂದೂ, ‘ಅಚ್ಚರಿಗಳು ಇಷ್ಟವೇ?’ ಎಂಬುದಕ್ಕೆ ‘ಬಹಳ’ ಎಂದೂ ತುಂಬಿದ್ದವನು ನಾನೇ ಆದ್ದರಿಂದ, ತಮ್ಮ ಸೇವೆಯಲ್ಲಿ ಲೋಪ ಹುಡುಕಲು ಎಷ್ಟು ಒದ್ದಾಡಿದರೂ ಸಿಗಲಿಲ್ಲ.

ಅತ್ತೆ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಹಂಸಗಳನ್ನು ಬಹಳ ಹೊತ್ತು ನೋಡಿ, ಕೋಣೆಯ ಉಸ್ತುವಾರಿಯ ಮಹೇಶ್ವರಿ ಎಂಬ ಹುಡುಗಿಯನ್ನು ಕರೆದು ಗದರಲು ಹೊರಟ ನನ್ನನ್ನು ತಡೆದರು. “ಆಕೀಗೆ ಏನೂ ಅನಬ್ಯಾಡ. ಎಷ್ಟು ಚಂದ ಮಡಚ್ಯಾಳ ನೋಡು. ಆಕೀಗೆ ಓದಲಿಕ್ಕೆ ಬರದ ಭಾಷಾದಾಗ ಕವಿತಾ ಬರದವ ನೀನು.” ಆಮೇಲೆ, ನನಗಲ್ಲ, ಕಿಟಕಿಗೆ ಹೇಳಿದಂತೆ ಹೇಳಿದರು: “ನಾಳೆ ಅವನ ಎಲಿಗೆ ಪಾಯಸ ಬೇರೆ ಯಾರರೆ ಬಡಸ್ತಾರ, ಬಿಡು.”

ಮಾನ್ಯರೇ, ಅಷ್ಟಮಿ ಸದಸ್ಯನಾಗಿ ನನಗಿರುವ ಹದಿನಾಲ್ಕು ಸವಲತ್ತುಗಳನ್ನೂ ಆಗ ಮನಸ್ಸಿನಲ್ಲೇ ಎಣಿಸಿದೆ. ತಡವಾಗಿ ಕೋಣೆ ಬಿಡುವ ಹಕ್ಕಿತ್ತು, ದಿಂಬು ಆರಿಸುವ ಹಕ್ಕಿತ್ತು. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ನಾಚಿಕೆ ನುಂಗಿ ಆಚಾರ್ಯರ ಮನೆಗೆ ಫೋನು ಮಾಡಿದೆ. ಎತ್ತಿದವರು ಅವರ ಹೆಂಡತಿ ವಿಜಯಾ. ಕಾಶಿಯಲ್ಲೇ ಹುಟ್ಟಿ ಬೆಳೆದವರು. ಕಥೆ ಪೂರ್ತಿ ಕೇಳುವ ಮೊದಲೇ, “ಅರೇ, ಇದಕ್ಯಾಕೆ ಪರೇಶಾನ್ ಆಗ್ತೀರಿ? ನಮ್ಮ ಗಳದ ಮೇಲೆ ಮಡಿ ಸೀರೆ ಒಣಗೇ ಇವೆ. ಬಸ್, ಅತ್ತೆಯವರನ್ನ ಕರಕೊಂಡು ಬನ್ನಿ. ನೀವು ಬಂದ ದಿನವೇ ಮಾಡಬೇಕಿದ್ದ ಫೋನು ಇದು” ಎಂದರು.

ಗುರುವಾರ, ಸದಸ್ಯತ್ವದ ಸಂಖ್ಯೆಯಿಲ್ಲದ ಆ ಮನೆಯ ಮಸಿ ಹಿಡಿದ ಅಡುಗೆಮನೆಯಲ್ಲಿ ಅತ್ತೆ ಯಾರದೋ ಮಡಿ ಸೀರೆಯುಟ್ಟು ಪಾಯಸ ಮಾಡಿದರು, ಬಡಿಸಿದರು. ಆಮೇಲೆ ಆಚಾರ್ಯರು ಯಾತ್ರಿಕರ ಹೆಸರು ಬರೆಸುವ ಹಳೆಯ ಪುಸ್ತಕ ತೆಗೆದು ಅಪ್ಪನ ಅಕ್ಷರ ತೋರಿಸಿದರು. ಹೆಸರು, ಊರು, ಅದರ ಕೆಳಗೆ: ‘ಕಾಶಿಯ ಚಳಿ ಬಲು ಜೋರು, ಆಚಾರ್ಯರ ಮನೆ ಬಿಸಿ ಸಾರು.’ ರೋಗ ಆನುವಂಶಿಕವೆಂದು ಆಗ ತಿಳಿಯಿತು. ನನ್ನ ಕೈಗೂ ಪೆನ್ನು ಕೊಟ್ಟರು. ಹೆಸರು ಬರೆದೆ, ಊರು ಬರೆದೆ, ಅಲ್ಲಿಗೇ ನಿಂತೆ. “ಬ್ಯಾಡಂದಾಗ ನಿಲ್ಲಂಗಿಲ್ಲ, ಬೇಕಂದಾಗ ಬರಂಗಿಲ್ಲ” ಎಂದರು ಅತ್ತೆ. ನಮ್ಮ ಮನೆತನದ ನಿಜವಾದ ಪ್ರಾಸಗಾರರು ಯಾರೆಂಬುದೂ ತಿಳಿಯಿತು.

ಅತ್ತೆ ಊರಿಗೆ ಹೊರಡುವವರೆಗೆ ಆಚಾರ್ಯರ ಮನೆಯ ಚಾಪೆಯ ಮೇಲೇ ಉಳಿದರು. ನಾನು? ಸತತ ಮೂರು ರಾತ್ರಿಯ ಲೆಕ್ಕ ತಪ್ಪಬಾರದೆಂದು ತಮ್ಮಲ್ಲಿಗೇ ಮರಳಿ, ಎರಡು ಹಂಸಗಳ ಪಕ್ಕದಲ್ಲಿ ಒಬ್ಬನೇ ಮಲಗಿದೆ. ಶುಕ್ರವಾರ ಬೆಳಗ್ಗೆ ಹುಣ್ಣಿಮೆ ದರ್ಜೆಯ ಅಭಿನಂದನೆ ಬಂತು. ಹೇಳಿಕೊಳ್ಳೋಣವೆಂದರೆ ಎದುರಿನ ಮಂಚದಲ್ಲಿ ಯಾರೂ ಇರಲಿಲ್ಲ.

ಆದ್ದರಿಂದ ಎರಡೇ ವಿನಂತಿ: ತಮ್ಮ ಹಂಸಗಳಿಗೆ ಸಾಧ್ಯವಾದಷ್ಟು ಬೇಗ ಕನ್ನಡ ಓದಲು ಕಲಿಸಬೇಕು, ಮತ್ತು ಅಮಾವಾಸ್ಯೆ ಎಂಬ ಹೊಸ ದರ್ಜೆ ತೆರೆದು ನನ್ನನ್ನು ಅದರ ಮೊದಲ ಸದಸ್ಯನಾಗಿ ಇಳಿಸಿಕೊಳ್ಳಬೇಕು. ಮಹೇಶ್ವರಿಗೆ ಮಾತ್ರ ಬಡ್ತಿ ಕೊಡಿ; ಇದು ತಮಾಷೆಯಲ್ಲ.

ಇಷ್ಟಾದರೂ, ತಿದ್ದಿಕೊಳ್ಳದೆ,
ತಮ್ಮ ವಿಶ್ವಾಸಿ,
ವಿಷ್ಣುತೀರ್ಥ
ರಾಣೆಬೆನ್ನೂರು

ವಿ.ಸೂ.: ಶುಕ್ರವಾರ ಅತ್ತೆಯ ಚೀಲ ಒಯ್ಯಲು ಬಂದ ಆಚಾರ್ಯರ ಮಗಳು ಶ್ರೀಜಾ ತಮ್ಮ ಮುಂಬಾಗಿಲ ಪಕ್ಕದ ‘ಅತಿಥಿಗಳ ಮೆಚ್ಚುಗೆ’ ಗೋಡೆಯ ಮುಂದೆ ನಿಂತು, “ಅಂಕಲ್‌ಜೀ, ಇದು ನಿಮ್ದೇ ನಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನ್ನ ನಾಲ್ಕು ಸಾಲಿನ ಚೀಟಿಯನ್ನು ತಾವು ಹೊಗಳಿಕೆಯ ಕವಿತೆಯೆಂದು ತಿಳಿದು ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ಹಾಕಿಸಿದ್ದೀರಿ. ದಯವಿಟ್ಟು ಅದನ್ನು ಅಲ್ಲಿಂದ ತೆಗೆಯಬೇಡಿ. ಕರ್ನಾಟಕದಿಂದ ಬರುವ ಯಾತ್ರಿಕರು ಒಳಗೆ ಕಾಲಿಡುವ ಮುನ್ನ ಎರಡನೇ ಸಾಲನ್ನು ಓದಿಕೊಳ್ಳಲಿ. ಹನುಮಾನ್ ಘಾಟಿಗೆ ರಿಕ್ಷಾ ಅಲ್ಲೇ ಎದುರಿಗೆ ಸಿಗುತ್ತದೆ.